ಗಾಜಿನ ಪೆಟ್ಟಿಗೆಯ ವಾರಸುದಾರ

ಬೆಳಿಗ್ಗೆ ಹತ್ತಕ್ಕೆ ಇಲಾಖೆಯಿಂದ ಬಂದ ಒಂದು ಕಾಗದ ಕಾಂತೇಶನ ಎದೆ ಒಡೆಯಿತು. ರಾಮದುರ್ಗದ ಎರಡು ಕೋಣೆಯ ವಸ್ತುಸಂಗ್ರಹಾಲಯಕ್ಕೆ ಹನ್ನೊಂದು ವರ್ಷದಿಂದ ಅವನೇ ದಿನಗೂಲಿ ಕಾವಲುಗಾರ. ಅಲ್ಲಿಯ ಒಡಕು ಮಡಕೆ, ತುಕ್ಕು ಹಿಡಿದ ಕತ್ತಿ ನೋಡಲು ಯಾವ ಪುಣ್ಯಾತ್ಮನೂ ಬರುವುದಿಲ್ಲ. ಬರುವವರೆಲ್ಲ ಬರುವುದು ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ ಹೆಂಗಸಿನ ಅಸ್ಥಿಪಂಜರ ನೋಡಲು. ಸುರೇಬಾನದ ಹೊಲದಲ್ಲಿ ಪೈಪು ಹೂಳುವಾಗ ಸಿಕ್ಕವಳು, ವಯಸ್ಸು ಮೂರು ಸಾವಿರ ವರ್ಷ.

ಕಾಗದ ಹೇಳಿದ್ದು ಇಷ್ಟು: ಸತ್ತವರಿಗೂ ಮರ್ಯಾದೆ ಇದೆ, ಅವರನ್ನು ತೋರಿಸಲು ವಾರಸುದಾರರ ಒಪ್ಪಿಗೆ ಪತ್ರ ಬೇಕು. ಸಂಜೆ ನಾಲ್ಕಕ್ಕೆ ಅಧಿಕಾರಿ ರಂಜನಾ ಮೇಡಂ ಬರುತ್ತಾರೆ, ಪತ್ರ ಇಲ್ಲದಿದ್ದರೆ ಪೆಟ್ಟಿಗೆ ತೆರವು. ಪೆಟ್ಟಿಗೆ ಹೋದರೆ ಜನ ಬರುವುದಿಲ್ಲ, ಜನ ಬರದಿದ್ದರೆ ಬಾಗಿಲಿಗೆ ಬೀಗ, ಬೀಗ ಬಿದ್ದ ಬಾಗಿಲಿಗೆ ಕಾಂತೇಶ ಯಾಕೆ? ನಲವತ್ತೆಂಟು ದಾಟಿದವನಿಗೆ ಬೇರೆ ಕೆಲಸ ಕೊಡುವವರಾದರೂ ಯಾರು? ಸಾಲದ್ದಕ್ಕೆ ಅವತ್ತೇ ಸಂಜೆ ಎರಡು ಬಸ್ಸು ಶಾಲೆಯ ಮಕ್ಕಳು ಬರುವುದಿತ್ತು.

ಎದುರಿನ ಚಹಾದಂಗಡಿಯ ಸುಂದರವ್ವನ ಕೈಗೆ ಕೀಲಿ ಕೊಟ್ಟು ಅವನು ಸುರೇಬಾನದ ಬಸ್ಸು ಹತ್ತಿದ.

ಹೊಲದ ಒಡೆಯ ಅಂದಾನೆಪ್ಪ ಕಾಗದ ಓದಿ, ಮಡಚಿ, ಹಾಗೇ ವಾಪಸು ಕೊಟ್ಟ. ಹೊಲದ ಪಾಲು ಅಣ್ಣತಮ್ಮಂದಿರ ನಡುವೆ ಕೋರ್ಟಿನಲ್ಲಿದೆಯಂತೆ. ಈಗ ಹೊಸ ಹಿರಿಯಳೊಬ್ಬಳನ್ನು ಒಪ್ಪಿಕೊಂಡರೆ ಅವಳ ಹೆಣ್ಣುಮಕ್ಕಳ ಸಂತಾನವೆಲ್ಲ ಪಾಲು ಕೇಳಲು ಎದ್ದು ಬರುತ್ತದಂತೆ. ಮೇಲಾಗಿ ತಮ್ಮವರನ್ನು ಕುಳ್ಳಿರಿಸಿ ಹೂಳುತ್ತಾರೆ, ಇವಳು ಮಗ್ಗುಲಾಗಿ ಮಲಗಿದವಳು, ತಮ್ಮವಳಲ್ಲವೇ ಅಲ್ಲ. ಅವನ ತಾಯಿ ರಾಚವ್ವನಿಗೆ ಮಾತ್ರ ಅಯ್ಯೋ ಅನ್ನಿಸಿತು. ಹೆಬ್ಬೆಟ್ಟು ಒತ್ತಲು ಕೈ ಚಾಚಿದವಳು ಏನೋ ನೆನಪಾಗಿ ಹಿಂದೆ ಎಳೆದುಕೊಂಡಳು.

“ನಮ್ಮಾಕಿ ಅಂದ್ರ, ಮೂರು ಸಾವಿರ ವರ್ಷ ಆಕಿಗೆ ಎಡಿ ಹಿಡದಿಲ್ಲ ಅಂದಂಗಾತು. ಅಷ್ಟೂ ಹೋಳಿಗಿ ಒಮ್ಮಿಗೇ ಮಾಡವರು ಯಾರಪಾ?”

ಇನ್ನೂ ನಾಲ್ಕು ಮನೆ ತಿರುಗಿದ. ಅಷ್ಟೂ ಕಡೆ ಚಹಾ ಕೊಟ್ಟರು, ಸಹಿ ಯಾರೂ ಕೊಡಲಿಲ್ಲ. ತಿರುಗಿ ಬರುವಾಗ ಬಸ್ಸಿನಲ್ಲಿ, ಬೇರೆ ದಾರಿ ಕಾಣದೆ, ಕಂಡಕ್ಟರನ ಪೆನ್ನು ಇಸಿದುಕೊಂಡು ಕಾಗದದ ಹಿಂಬದಿಗೆ ತಾನೇ ಬರೆದ: ಒಪ್ಪಿಗೆ ಇದೆ, ಕಾಂತೇಶ, ವಾರಸುದಾರ.

ಬಂದವನೇ ಅದನ್ನು ಸುಂದರವ್ವನಿಗೆ ತೋರಿಸಿದ್ದೇ ತಪ್ಪಾಯಿತು. ಅವಳು ಒಲೆ ಆರಿಸಿ, ಸೆರಗು ಹೊದ್ದು ಒಳಗೆ ಬಂದು ಪೆಟ್ಟಿಗೆಯ ಮುಂದೆ ನಿಂತಳು.

“ನಿಮ್ಮ ಮನಿ ಹಿರ್ಯಾಕಿ ಅಂದಮ್ಯಾಗ ಮೈಮ್ಯಾಲ ಒಂದು ಅರಿಬಿ ಹೊಚ್ಚಬಾರದೇನೋ ತಮ್ಮಾ? ಹನ್ನೊಂದು ವರ್ಷ ಕಂಡಕಂಡವರಿಗೆಲ್ಲಾ ತೋರಿಸಿದಿ.”

ಸಹಿ ಸುಳ್ಳು ಎನ್ನಲು ಬಾಯಿ ತೆರೆದ ಕಾಂತೇಶ ಪೆಟ್ಟಿಗೆಯತ್ತ ತಿರುಗಿದ. ದಿನಾ ಗಾಜು ಒರೆಸಿದ್ದನೇ ಹೊರತು ಮುಖ ನೋಡಿರಲಿಲ್ಲ. ಚಳಿಗೆ ಮುದುಡಿದವಳಂತೆ ಮೊಣಕಾಲು ಎದೆಗೆ ಒತ್ತಿಕೊಂಡಿದ್ದಳು, ಕೈಯಲ್ಲಿ ಒಂದೇ ಒಂದು ಶಂಖದ ಬಳೆ. ಅವನ ಅವ್ವ ಕೊನೆಯ ತಿಂಗಳು ಹೀಗೆಯೇ ಮಲಗಿದ್ದಳು. ಅವಳನ್ನು ಯಾರಾದರೂ ಹೀಗೆ ದೀಪದ ಕೆಳಗೆ ಇಟ್ಟಿದ್ದರೆ?

ನಾಲ್ಕಕ್ಕೆ ರಂಜನಾ ಮೇಡಂ ಬಂದು ಪತ್ರ ಕೇಳಿದರು. ಕಾಂತೇಶ “ಇದೆ” ಎಂಬುದನ್ನು ಹೊಡೆದುಹಾಕಿ “ಇಲ್ಲ” ಎಂದು ಬರೆದು, ಸಹಿ ಹಾಗೇ ಬಿಟ್ಟು, ಪತ್ರ ಕೊಟ್ಟ.

“ಆಕಿನ್ನ ಮಣ್ಣಾಗ ಇಡ್ರಿ ಮೇಡಮ್ಮಾರ. ನನ್ನ ನೌಕರಿ ಹೋದ್ರ ಹೋಗ್ಲಿ.”

ಮೇಡಂ ತುಂಬ ಮೆಚ್ಚಿದರು. ವಾರಸುದಾರರ ಇಚ್ಛೆಯಂತೇ ಆಗಲಿ ಎಂದು ಪೆಟ್ಟಿಗೆಗೆ ಬಿಳಿ ಬಟ್ಟೆ ಹೊದಿಸಿ, ಅವಳು ಸಿಕ್ಕಿದ ಹೊಲದಲ್ಲೇ ಹೂಳಲು ತಾವು ಬಂದ ವ್ಯಾನಿನಲ್ಲಿ ಕಳಿಸಿಕೊಟ್ಟರು. ನೌಕರಿ ಎಲ್ಲಿಗೂ ಹೋಗುವುದಿಲ್ಲ ಎಂದೂ ಹೇಳಿದರು. ಕಾಂತೇಶನಿಗೆ ಅಳುವೇ ಬಂತು.

ಅಷ್ಟರಲ್ಲಿ ಹೊರಗೆ ಎರಡು ಬಸ್ಸು ಬಂದು ನಿಂತವು. ಮೇಡಂ ಖಾಲಿ ಜಾಗ ನೋಡಿದರು. ಆಮೇಲೆ ಕಾಂತೇಶನನ್ನು ನೋಡಿದರು.

ಎರಡೇ ನಿಮಿಷದಲ್ಲಿ ಅವನ ಕುರ್ಚಿ ದೀಪದ ಕೆಳಗೆ ಬಂತು. ಫಲಕದ “ಅಸ್ಥಿಪಂಜರ” ಎಂಬುದರ ಮೇಲೆ “ಜೀವಂತ ವಾರಸುದಾರ” ಎಂಬ ಚೀಟಿ ಅಂಟಿತು. ವಾರಸುದಾರನಲ್ಲ ಎಂದರೆ ಸುಳ್ಳು ಸಹಿಯ ಕೇಸು, ಹೌದೆಂದರೆ ಈ ಕುರ್ಚಿ. ಮಕ್ಕಳು ಸಾಲುಗಟ್ಟಿದರು. ಸಾಲಿನ ಮುಂದೆ ಸುಂದರವ್ವ ನಿಂತಿದ್ದಳು. ಹುಡುಗಿಯೊಬ್ಬಳು ಬಗ್ಗಿ ಅವನ ಹಲ್ಲು ಎಣಿಸತೊಡಗಿದಳು.

“ಮೇಡಮ್ಮಾರ,” ಕಾಂತೇಶ ಸಣ್ಣ ದನಿಯಲ್ಲಿ ಕೇಳಿದ, “ಇದಕ್ಕೂ ಒಪ್ಪಿಗಿ ಪತ್ರ ಬೇಕಲ್ರಿ?”

“ಅದು ಸತ್ತವರಿಗಷ್ಟ ರೀ,” ಎಂದರು ಮೇಡಂ. “ನೀವು ಅಲುಗಾಡಬ್ಯಾಡ್ರಿ.”