ತಕರಾರಿದ್ದವರು ಏಳು ದಿನದೊಳಗೆ ತಿಳಿಸಿ

ಮನೆ ಕೊಳ್ಳಲು ಹೊರಟವನ ದುಡ್ಡು ಒಂದೇ ಸಲ ಹೋಗಬಹುದು, ಮಾನ ಮಾತ್ರ ಕಂತು ಕಂತಾಗಿ ಹೋಗುತ್ತದೆ. ತೊಂಬತ್ತರ ದಶಕದ ನಡುವೆ ಒಂದೇ ಬೇಸಿಗೆಯಲ್ಲಿ, ಒಂದೇ ಮನೆಗಾಗಿ, ನನ್ನದು ಮೂರು ಸಲ ಹೋಯಿತು. ಆಗ ಪೀಣ್ಯದ ಕಾರ್ಖಾನೆಯೊಂದರಲ್ಲಿ ನಾನು ಇನ್‌ಸ್ಪೆಕ್ಟರ್. ತಯಾರಾದ ಮಾಲಿನಲ್ಲಿ ತಪ್ಪು ಹುಡುಕುವುದೇ ಕೆಲಸ. ಟಿ. ದಾಸರಹಳ್ಳಿಯ ಬಾಡಿಗೆ ಮನೆ ಸಾಕಾಗಿ, ಮಾದನಾಯಕನಹಳ್ಳಿಯಲ್ಲಿ ಗೌಡರೊಬ್ಬರು ಮಾರಾಟಕ್ಕಿಟ್ಟಿದ್ದ ಮನೆಗೆ ಅಡ್ವಾನ್ಸ್ ಕೊಟ್ಟೆ. ಅಡ್ವಾನ್ಸ್ ಅಂದರೆ ಹೆಂಡತಿಯ ಬಳೆ. ಕಾಗದಪತ್ರದಲ್ಲಿ ಮೋಸವಾದರೆ ಬಳೆಯೂ ಇಲ್ಲ, ಮನೆಯೂ ಇಲ್ಲ.

"ನಾನೂ ಒಮ್ಮೆ ಮನೆ ನೋಡಿ ಬರ್ತೀನ್ರಿ" ಅಂದಳು.

"ಮೊದ್ಲು ಕಾಗದ ಸರಿಯಾಗ್ಲಿ, ತಡಿ" ಅಂದೆ.

೧. ಹೆಣ್ಣುಮಕ್ಕಳು ಎಷ್ಟು?

ನಮ್ಮ ವಕೀಲರು ಎಚ್ಚರಿಸಿದ್ದರು: "ಮಾರೋರ ಹೆಣ್ಣುಮಕ್ಕಳಿಗೂ ಪಾಲಿರುತ್ತೆ. ಮದುವೆ ಆದೋರು, ಆಗದೋರು ಎಲ್ಲರ ಸಹಿ ಬೇಕು, ವಿಚಾರಿಸ್ಕೊಂಡು ಬನ್ನಿ."

ಭಾನುವಾರ ಗೌಡರ ಮನೆಗೆ ಹೋದೆ. ಗೌಡರು ಹೊರಗೆ ಹೋಗಿದ್ದರು. ಜಗಲಿಯಲ್ಲಿದ್ದ ಅವರ ಹೆಂಡತಿಯನ್ನೇ ಕೇಳಿದೆ.

"ಹೆಣ್ಣುಮಕ್ಕಳು ಎಷ್ಟಮ್ಮ?"

"ಮೂರು ಜನ."

"ಮದುವೆ ಆಗದೋರು?"

"ಕೊನೇಳು ಒಬ್ಳೇ."

"ವಯಸ್ಸು?"

"ಇಪ್ಪತ್ತೊಂದು" ಎಂದವರೇ ಎದ್ದು ಒಳಗೆ ಹೋದರು. ಕಾಫಿ ಬಂತು, ಕೋಡುಬಳೆ ಬಂತು. ಹಿಂದೆಯೇ ಮಲ್ಲಿಗೆ ಮುಡಿದು ರೇಷ್ಮೆ ಸೀರೆ ಉಟ್ಟ ಹುಡುಗಿ ಬಂದು ತಲೆ ತಗ್ಗಿಸಿ ನಿಂತಳು. ನಾನು ಕಾಫಿ ಲೋಟ ಕೆಳಗಿಟ್ಟು ಎದ್ದು ನಿಂತೆ.

"ಅಯ್ಯೋ ಅಮ್ಮಾ, ನನಗೆ ಮದುವೆ ಆಗಿದೆ!"

"ನೋಡಿದ್ರೆ ಗೊತ್ತಾಗ್ತದೆ ಬುಡಿ. ನಿಮ್ ತಮ್ಮಂಗೇನೋ ಅಂದ್ಕಂಡೆ. ನೀವು ಯಾವ್ ಜನ?"

"ಲಿಂಗಾಯತರು."

"ಅಂಗಾದ್ರೆ ಮನೆ ಮಾತ್ರ ತಗಳಿ" ಎಂದು ಕೋಡುಬಳೆ ತಟ್ಟೆ ಎತ್ತಿಕೊಂಡು ಒಳಗೆ ಹೋದರು.

೨. ಎರಡಡಿ

ಪತ್ರದ ಅಳತೆಗೂ ನೆಲದ ಅಳತೆಗೂ ತಾಳೆಯಾಗಬೇಕು ಅಂದರು ವಕೀಲರು. ಪರಿಚಯದ ಮೇಸ್ತ್ರಿಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು, ಟೇಪು ಹಿಡಿದು ಹೋದೆ. ಅಗಲದಲ್ಲಿ ಒಂದು ಗೇಣು ಕಡಿಮೆ ಬಂತು. ಇಡೀ ಬೀದಿಗೆ ಕೇಳುವಂತೆ ಕೂಗಾಡಿದೆ. "ಕೂದಲೆಳೆ ವ್ಯತ್ಯಾಸ ಬಂದ್ರೂ ಮಾಲು ವಾಪಸ್ ಕಳಿಸೋನು ನಾನು, ಇದೇನು ಹುಡುಗಾಟನಾ ಗೌಡ್ರೇ?"

ಟೇಪನ್ನು ಗೋಡೆಯ ಒಳಮೈಗೆ ಹಿಡಿದಿದ್ದೀರಿ ಎಂದು ಮೇಸ್ತ್ರಿ ಮೆಲ್ಲಗೆ ಹೇಳಿದ. ಹೊರಗಿನಿಂದ ಹಿಡಿದರೆ ಸರಿಹೋಯಿತು. ಆಮೇಲೆ ಉದ್ದ ಅಳೆದೆವು. ಎರಡಡಿ ಹೆಚ್ಚು ಬಂತು. ನಾನು ಸದ್ದಿಲ್ಲದೆ ಟೇಪು ಸುತ್ತಿ, "ಉದ್ದ ಸರಿಯಾಗಿದೆ" ಅಂದೆ. ಮೇಸ್ತ್ರಿ ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ.

ಗೌಡರು ನಿಧಾನವಾಗಿ ಬೀಡಿ ಆರಿಸಿದರು. "ಸಾರ್, ಆ ಎರಡಡಿ ಹಿಂದ್ಗಡೆ ಮನೆಯೋರ ಮೋರಿ. ನಿಮ್ಗೆ ಅಷ್ಟು ಇಷ್ಟ ಆಗಿದ್ರೆ ಅವರ್ನ ಕೇಳ್ನೋಡಾನ."

೩. ಕಡೇ ದಿನ

ಇದನ್ನು ನೆನೆದರೆ ಈಗಲೂ ನಾಚಿಕೆಯಿಂದ ಕಿವಿ ಬಿಸಿಯಾಗುತ್ತದೆ. ವಕೀಲರು ಪೇಪರಿನಲ್ಲಿ ನೋಟಿಸ್ ಹಾಕಿಸಿದ್ದರು: ಈ ಸ್ವತ್ತಿನ ಮೇಲೆ ಹಕ್ಕು, ತಕರಾರು ಇದ್ದವರು ಏಳು ದಿನದೊಳಗೆ ತಿಳಿಸತಕ್ಕದ್ದು, ತಪ್ಪಿದಲ್ಲಿ ಯಾರದೂ ತಕರಾರಿಲ್ಲವೆಂದು ಭಾವಿಸಲಾಗುವುದು.

ಏಳನೇ ದಿನದ ಸಂಜೆ ನಾನೂ ಗೌಡರೂ ವಕೀಲರ ಕಚೇರಿಯಲ್ಲಿ ಕೂತಿದ್ದೆವು. ಯಾರೂ ಬಂದಿರಲಿಲ್ಲ. ಗಂಡಾಂತರ ಕಳೆಯಿತು ಅಂದುಕೊಳ್ಳುತ್ತಿದ್ದಾಗ ಪೇಪರ್ ಮಡಚಿ ಹಿಡಿದುಕೊಂಡು ಹೆಂಗಸೊಬ್ಬಳು ಮೆಟ್ಟಿಲೇರಿ ಬಂದಳು. ನನ್ನ ಹೆಂಡತಿ! ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಏನಮ್ಮಾ?" ಅಂದರು ವಕೀಲರು.

"ತಕರಾರು ಐತ್ರಿ."

ಗೌಡರು ಗಾಬರಿಯಾದರು. ವಕೀಲರು ಪೆನ್ನು ತೆಗೆದರು. "ಈ ಸ್ವತ್ತಿನಲ್ಲಿ ನಿಮಗೇನು ಹಕ್ಕು?"

"ಅಡ್ವಾನ್ಸ್ ಕೊಟ್ಟಿದ್ದು ನನ್ನ ಬಳೆ ಮಾರಿ. ಇಲ್ಲಿ ಕೂತಾರಲ್ಲ, ಇವ್ರು ನಮ್ಮ ಮನೆಯವ್ರು."

"ತಕರಾರು ಏನು?"

"ವಕೀಲರು ನೋಡಿದ್ರಿ, ಮೇಸ್ತ್ರಿ ನೋಡಿದ, ಇವರ ಫ್ಯಾಕ್ಟರಿ ಮಂದಿ ಎಲ್ಲಾ ನೋಡಿದ್ರು. ಆ ಮನ್ಯಾಗ ಇರಾಕಿ ನಾನು, ನನಗೆ ಯಾರೂ ತೋರಿಸಿಲ್ಲ. ಪೇಪರ್‌ನ್ಯಾಗ ಊರಿಗೆಲ್ಲ ಕೇಳೀರಿ ನೋಡ್ರಿ, ತಕರಾರು ಐತೇನು ಅಂತ. ನನ್ನ ಕೇಳಿದ್ದು ಇದೇ ಮೊದಲು."

ನನಗೆ ಮೇಜಿನ ಕೆಳಗೆ ಹೋಗಿ ಕೂರೋಣ ಅನ್ನಿಸಿತು. ಗೌಡರೇ ಎದ್ದು, "ಬಾ ತಾಯಿ, ಈಗ್ಲೇ ತೋರಿಸ್ತೀನಿ" ಎಂದು ಅವಳನ್ನು ತಮ್ಮ ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸಿದರು. ನಾನು ಹಿಂದೆ ಹಿಂಡಿ ಮೂಟೆಗಳ ಜೊತೆ ಕೂತೆ.

ಅವಳು ಅಡುಗೆಮನೆ ಕಿಟಕಿ ತೆಗೆದು ನೋಡಿದಳು, ನಲ್ಲಿ ತಿರುಗಿಸಿದಳು, ಹಿತ್ತಿಲ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತಳು. "ಹೇಗಿದೆ?" ಎಂದು ಹತ್ತಿರ ಹೋಗಿ ಕೇಳಿದೆ. ಅವಳು ಗೌಡರ ಕಡೆ ತಿರುಗಿದಳು.

"ಮನಿ ಚಲೋ ಐತ್ರಿ. ಪತ್ರ ಇವರ ಹೆಸರಿಗೆ ಬ್ಯಾಡ, ನನ್ನ ಹೆಸರಿಗೆ ಮಾಡಿ ಕೊಡ್ತೀರೇನು?"

"ನಂದೇನೂ ತಕರಾರಿಲ್ಲ ತಾಯಿ" ಅಂದರು ಗೌಡರು.

ತಕರಾರು ಇದ್ದವನು ನಾನೊಬ್ಬನೇ. ಅಷ್ಟು ಹೊತ್ತಿಗೆ ಏಳು ದಿನದ ಗಡುವು ಮುಗಿದಿತ್ತು.