ಕೋಫೆಲ್ ಗೋಡೆ ಹತ್ತಿದ ಚಲ್ಲಣ

"ಬಂಡೆ ಬೇಕಾದ್ರೆ ಹರೀಲಿ, ಈ ಕ್ವಿರಿನ್ ಹೊಲಿದ ಚಲ್ಲಣ ಹರಿಯೋದಿಲ್ಲ!"

ಹೋಟೆಲಿನ ಜಗಲಿಯಲ್ಲಿ ಬಿಯರ್ ಲೋಟ ಕುಟ್ಟಿ ದರ್ಜಿ ಕ್ವಿರಿನ್ ಹೀಗೆ ಘೋಷಿಸಿದಾಗ, ಬೆಟ್ಟದ ಗೈಡುಗಳೆಲ್ಲ ತಿರುಗಿ ನೋಡಿದರು. ಆ ವರ್ಷ ಕಣಿವೆಯ ಗೈಡುಗಳಿಗೆಲ್ಲ ಹೊಸ ಚಲ್ಲಣ ಹೊಲಿಸುವುದಿತ್ತು. ಕೆಲಸ ಕ್ವಿರಿನ್‌ಗೋ, ಇನ್ಸ್‌ಬ್ರುಕ್ ಪೇಟೆಯ ದೊಡ್ಡ ಅಂಗಡಿಗೋ ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ.

"ಹಾಗಾದ್ರೆ ನೀನೇ ಹಾಕ್ಕೊಂಡು ಎದುರಿಗಿರೋ ಕೋಫೆಲ್ ಬೆಟ್ಟದ ಬಂಡೆಗೋಡೆ ಹತ್ತಯ್ಯ," ಎಂದ ಗೈಡುಗಳ ಹಿರಿಯ ಲೀನ್‌ಹಾರ್ಟ್. "ನಾವು ಇಲ್ಲೇ ದುರ್ಬೀನಲ್ಲಿ ನೋಡ್ತೀವಿ. ಹರೀದಿದ್ರೆ ಕೆಲಸ ನಿಂದೇ."

"ಈ ಭಾನುವಾರವೇ!" ಎಂದುಬಿಟ್ಟ ಕ್ವಿರಿನ್. ಅವನು ಅದುವರೆಗೆ ಹತ್ತಿದ್ದ ಮಹಾಶಿಖರವೆಂದರೆ ಮನೆಯ ಅಟ್ಟ. ಅಲ್ಲಿಂದಲೂ ಕೈಹಿಡಿದು ಇಳಿಸಿದವಳು ಹೆಂಡತಿ ಬುರ್ಗಾ!

"ಅಲ್ಲಯ್ಯಾ, ಏಣಿ ಕಂಡ್ರೆ ಬೆವರೋನು ನೀನು. ಗೋಡೆ ಹತ್ತುತ್ತೀಯಾ?" ಎಂದಳು ಅವಳು.

"ಸುಮ್ನೆ ನೋಡ್ತಿರೇ! ವೆಂಡೆಲಿನ್ ಜೊತೇಲಿರ್ತಾನೆ."

ವೆಂಡೆಲಿನ್ ಬಾಲ್ಯದ ಗೆಳೆಯ. ಬಂಡೆ ಹತ್ತುವುದನ್ನು ಹಲ್ಲಿಗೇ ಕಲಿಸಬಲ್ಲವನು. ಭಾನುವಾರ ಬೆಳಿಗ್ಗೆ ಗೋಡೆಯ ಬುಡದಲ್ಲಿ ಗೆಳೆಯನ ಎದೆಗೆ ಹಗ್ಗ ಬಿಗಿದು ಉಪದೇಶ ಮಾಡಿದ: "ನಾನು ಮೇಲೆ ಹೋಗಿ ಕೂಗ್ತೀನಿ, ಆಮೇಲೆ ಬಾ. ಕೆಳಗೆ ನೋಡ್ಬೇಡ. ಬಂಡೇನ ತಬ್ಕೋಬೇಡ, ಅದೇನು ಬುರ್ಗಾ ಅಲ್ಲ."

ಅರ್ಧದಾರಿಯವರೆಗೆ ಕ್ವಿರಿನ್ ಸಲೀಸಾಗಿ ಹತ್ತಿದ. ಸುಮ್ಮನೆ ಹತ್ತಿದ್ದರೆ ಆಗುತ್ತಿತ್ತು. ದುರ್ಬೀನಿನ ಕಡೆ ತಿರುಗಿ ಕೈ ಬೀಸಲು ಹೋದ! ಕೆಳಗೆ ಹೋಟೆಲು ಅಂಗಿಗುಂಡಿಯಷ್ಟು ಕಂಡಿತು. ತಕ್ಷಣ ಬಲಗಾಲು ತಾನೇ ತಾನಾಗಿ ಟಕಟಕ ಕುಣಿಯತೊಡಗಿತು. ಬಂಡೆ ಹತ್ತುವವರು ಇದನ್ನು ಹೊಲಿಗೆ ಮಿಷನ್ ಎಂದೇ ಕರೆಯುತ್ತಾರೆ. ಪಾಪ, ಭಾನುವಾರವೂ ದರ್ಜಿಗೆ ಬಿಡುವಿಲ್ಲ!

ಒಂದು ಗಳಿಗೆ ಸುಧಾರಿಸಿಕೊಳ್ಳೋಣವೆಂದು ಬೆನ್ನನ್ನು ಬಂಡೆಗೆ ಆನಿಸಿ ಕುಸಿದ. ಕೊಂಬಿನಂತೆ ಚಾಚಿದ್ದ ಕಲ್ಲೊಂದು ಚಲ್ಲಣದ ಸೊಂಟಪಟ್ಟಿಯೊಳಗೆ ಹಿಂದಿನಿಂದ ತೂರಿ ಕುಳಿತಿತು.

"ವೆಂಡೆಲಿನ್! ಎಳಿಯೋ!"

ಅವನು ಎಳೆದ. ಹಗ್ಗ ಮೇಲಕ್ಕೆ, ಚಲ್ಲಣ ಕೆಳಕ್ಕೆ, ನಡುವೆ ಕ್ವಿರಿನ್ ಒಗೆದು ಹಿಂಡಿದ ಬಟ್ಟೆಯಂತಾದ.

"ಎಳೀಬೇಡ್ವೋ!"

"ಎಳೀಲೋ ಬೇಡ್ವೋ? ಒಂದು ಹೇಳು!"

"ಹಿಂದಿನಿಂದ ಯಾರೋ ಹಿಡ್ಕೊಂಡಿದ್ದಾರೆ ಕಣೋ!"

"ಗೋಡೇಲಿ ನಾವಿಬ್ರೇ ಇರೋದು!"

"ಹಾಗಾದ್ರೆ ಚಲ್ಲಣ ಸಿಕ್ಕಿಹಾಕ್ಕೊಂಡಿದೆ!"

"ಹರ್ಕೊಂಡು ಬಾ!"

"ಹರಿಯೋಲ್ಲ ಕಣೋ, ನಾನೇ ಹೊಲಿದದ್ದು!" ತನ್ನ ಹೊಲಿಗೆಗೆ ತಾನೇ ಅತ್ತ ದರ್ಜಿ ಅವನೊಬ್ಬನೇ ಇರಬೇಕು. ಹರಿದರೆ ಕೆಲಸ ಹೋಯಿತು, ಹರಿಯದಿದ್ದರೆ ಜೀವ ಹೋಯಿತು!

ಅಷ್ಟರಲ್ಲಿ ಶಿಖರದ ಹಿಂದೆ ಗುಡುಗು ಮೊಳಗಿತು.

"ಹಾಗಾದ್ರೆ ಬಿಚ್ಚು!" ಎಂದು ಮೇಲಿನಿಂದ ಕೂಗು.

"ಅಯ್ಯೋ, ಕೆಳಗೆ ದುರ್ಬೀನಿದೆ!"

"ಮೇಲೆ ಸಿಡಿಲಿದೆ!"

ಕ್ವಿರಿನ್ ಕಣ್ಣು ಮುಚ್ಚಿ ಗುಂಡಿ ಬಿಚ್ಚಿದ. ವೆಂಡೆಲಿನ್ ಒಂದೇ ಸಲ ಎಳೆದ. ಬೇಯಿಸಿದ ಆಲೂಗಡ್ಡೆ ಸಿಪ್ಪೆಯಿಂದ ಜಾರುವಂತೆ ದರ್ಜಿ ಹೊರಬಂದ! ಚಲ್ಲಣ ಕಲ್ಲಿಗೇ ನೇತುಬಿತ್ತು. ಮೈಮೇಲೆ ಉಳಿದದ್ದು, ಅಡುಗೆಮನೆಯ ಪರದೆಯ ಮಿಕ್ಕ ಬಟ್ಟೆಯಲ್ಲಿ ಬುರ್ಗಾ ಹೊಲಿದಿದ್ದ ಕೆಂಪು ಚೌಕುಳಿಯ ಒಳಚಡ್ಡಿ. ಕೆಳಗೆ ಜಗಲಿಯಲ್ಲಿ ದುರ್ಬೀನಿನ ಮುಂದೆ ಜನ ಸಾಲುಗಟ್ಟಿದರು.

ಗೆಳೆಯನ ಕೋಟನ್ನು ಸೊಂಟಕ್ಕೆ ಸುತ್ತಿಕೊಂಡು, ಮಳೆಯಲ್ಲಿ ನೆನೆದು, ಬೆಟ್ಟದ ಹಿಂಬದಿಯ ಕಾಲುದಾರಿಯಲ್ಲಿ ಕ್ವಿರಿನ್ ಇಳಿದು ಬಂದಾಗ ಜಗಲಿಯವರೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ಲೀನ್‌ಹಾರ್ಟ್ ಕೈ ಕುಲುಕಿದ.

"ಮಳೆ ಹೊಡೀತು, ಗಾಳಿ ಹೊಡೀತು, ನಿನ್ನ ಭಾರ ಹೊತ್ತು ನೇತಾಡ್ತು. ಒಂದು ಹೊಲಿಗೆ ಬಿಟ್ಟಿಲ್ಲ! ಎಲ್ರಿಗೂ ಅಂಥದ್ದೇ ಹೊಲಿಯಪ್ಪ. ಕೆಲಸ ನಿಂದೇ!"

ಕ್ವಿರಿನ್ ಎದೆ ಉಬ್ಬಿತು. ಕೋಟು ಜಾರದಂತೆ ಹಿಡಿದುಕೊಂಡೇ ಹೆಂಡತಿಯತ್ತ ತಿರುಗಿದ.

"ನೋಡ್ದೇನೇ? ಪರೀಕ್ಷೆ ಪಾಸಾದೆ!"

ಬುರ್ಗಾ ದುರ್ಬೀನಿನಿಂದ ಕಣ್ಣು ತೆಗೆಯಲಿಲ್ಲ.

"ಪಾಸಾಗಿದ್ದು ಚಲ್ಲಣ. ಪಾಪ, ಅದಿನ್ನೂ ಹೆದರದೆ ಅಲ್ಲೇ ನಿಂತಿದೆ. ಬಿಟ್ಟು ಓಡಿ ಬಂದಿದ್ದು ಒಳಗಿದ್ದ ಗಿರಾಕಿ!"