ಹಸುವಿನ ಬಾಯಿಗೆ ಹಾಕಿದ ಕೈ

ಇಪ್ಪತ್ತಾರು ವರ್ಷ ಮಕ್ಕಳಿಗೆ ಪಾಠ ಹೇಳಿದವನು ನಾನು. ಅಷ್ಟು ವರ್ಷಗಳಲ್ಲಿ ತರಗತಿಯೊಳಗೆ ಒಮ್ಮೆಯೂ ನನ್ನ ಬಾಯಿಂದ ಹೊರಡದ ಮಾತೊಂದಿದೆ. ಅದು ‘ನನಗೆ ಗೊತ್ತಿಲ್ಲ’ ಎಂಬುದು. ತುಂಡಾದ ಹಲ್ಲಿಯ ಬಾಲ ಎಷ್ಟು ಹೊತ್ತು ಕುಣಿಯುತ್ತದೆ ಎಂದು ಒಬ್ಬ ಹುಡುಗಿ ಕೇಳಿದಾಗ, “ಕುಳಿತುಕೋ, ಅದು ಮುಂದಿನ ಪಾಠದಲ್ಲಿ ಬರುತ್ತದೆ” ಎಂದೆ. ಮುಂದಿನ ಪಾಠ ಹೈದರಾಲಿಯದಾಗಿತ್ತು. ಎಲ್ಲವನ್ನೂ ಬಲ್ಲೆನೆಂಬುದು ನಮ್ಮ ವೃತ್ತಿಯವರಿಗೆ ತಗಲುವ ಕಾಯಿಲೆ. ಸೀಮೆಸುಣ್ಣದ ಧೂಳು ಗಂಟಲನ್ನು ಕೆಡಿಸುವಂತೆ ಇದು ತಲೆಯನ್ನು ಕೆಡಿಸುತ್ತದೆ. ಗಂಟಲು ಕೆಟ್ಟದ್ದಕ್ಕೆ ನಾನು ಐವತ್ತೊಂದಕ್ಕೇ ಸ್ವಯಂ ನಿವೃತ್ತಿ ಪಡೆದೆ. ತಲೆಯದಕ್ಕೆ ಅಂಥ ಯಾವ ಸೌಲಭ್ಯವೂ ಇರಲಿಲ್ಲ. ಈ ಕಾಯಿಲೆ ಪಕ್ಕದ ಮನೆಯವರ ಪ್ರಾಣಕ್ಕೂ ಬರಬಲ್ಲದೆಂಬುದು, ಒಂದು ಹಸು ಸಾಯುವವರೆಗೆ ನನಗೆ ತಿಳಿದಿರಲಿಲ್ಲ.

ನಿವೃತ್ತನಾಗಿ ಮಡಕಶಿರದಲ್ಲೇ ನೆಲೆಸಿದ ಮೇಲೂ ನನ್ನ ಕೆಂಪು ಪೆನ್ನು ನಿವೃತ್ತವಾಗಲಿಲ್ಲ. ಹೋಟೆಲಿನ ತಿಂಡಿಪಟ್ಟಿ, ಮದುವೆಯ ಕರೆಯೋಲೆ, ಬೆಟ್ಟದ ಕೋಟೆಯ ಕೆಳಗೆ ಯಾರೋ ನೆಟ್ಟ ಎಚ್ಚರಿಕೆಯ ಫಲಕ, ಎಲ್ಲವೂ ನನ್ನ ಕೈಗೆ ಸಿಕ್ಕು ತಿದ್ದಿಸಿಕೊಂಡವು. ನನ್ನ ಹೆಂಡತಿ ಶಾರದೆ ರಾಯದುರ್ಗದವಳು. ಒರಟುತನವನ್ನು ಮರ್ಯಾದೆಯ ಬಹುವಚನದಲ್ಲಿ ಸುತ್ತಿಕೊಡುವುದು ಆ ಕಡೆಯವರ ವಿಶೇಷ. “ಊರಾಗಿನ ಬೋರ್ಡೆಲ್ಲಾ ತಿದ್ದಿದ್ರಿ, ಮನೀ ನಳ ಆರು ತಿಂಗಳಿಂದ ಸೋರಾಕತ್ತೈತಿ, ಅದನ್ನ ಯಾವಾಗ ತಿದ್ದೀರಿ?” ಎಂದು ಅವಳು ಕೇಳುತ್ತಾಳೆ. ನಾನು ಉತ್ತರಿಸುವುದಿಲ್ಲ, ನಳ ಪಠ್ಯದಲ್ಲಿಲ್ಲ.

ಪಕ್ಕದ ಮನೆಯ ಹನುಮಕ್ಕನಿಗೆ ಮುಕ್ಕಾಲು ಎಕರೆ ಹಿಪ್ಪುನೇರಳೆ, ಒಂದು ಹುಳುಮನೆ, ಒಂದು ಸೀಮೆಹಸು, ಅದರ ಹೆಣ್ಣುಕರು. ಗಂಡ ತೀರಿಕೊಂಡಿದ್ದಾನೆ, ಮಗಳು ಮದುವೆಯಾಗಿ ರೊಳ್ಳದಲ್ಲಿದ್ದಾಳೆ. ರೇಷ್ಮೆಹುಳುವಿನ ಮನೆಗಿರುವ ಮಡಿ ನಮ್ಮ ಕಡೆಯ ಯಾವ ದೇವಸ್ಥಾನಕ್ಕೂ ಇಲ್ಲ. ಹೊಸ್ತಿಲಲ್ಲಿ ಬ್ಲೀಚಿಂಗ್ ಪುಡಿ ಕಲಸಿದ ನೀರಿನ ತಟ್ಟೆ; ಕಾಲು ಅದ್ದದೆ ಒಳಗೆ ಹೋಗುವಂತಿಲ್ಲ. ಪಕ್ಕದಲ್ಲಿ ಸೋಪು, ಬಕೆಟ್ಟು. ಕೈ ತೊಳೆಯದೆ ಸೊಪ್ಪು ಮುಟ್ಟುವಂತಿಲ್ಲ. ಹುಳುವೊಂದು ಮಂಕಾಗಿ ಕಂಡರೆ ಅದನ್ನು ಕಡ್ಡಿಯಿಂದ ಎತ್ತಿ ಸುಣ್ಣದ ಮಡಕೆಗೆ ಹಾಕುತ್ತಾಳೆ, ನಾಳೆಗೆ ಇಡುವುದಿಲ್ಲ. ನಾನು ಮೊದಲ ಸಲ ಹೋದಾಗ ಹೊಸ್ತಿಲಲ್ಲೇ ತಡೆದಳು.

“ಮೇಷ್ಟ್ರೇ, ಕೈ.”

“ತೊಳೆದುಕೊಂಡೇ ಬಂದಿದ್ದೇನಮ್ಮ.”

“ನಿಮ್ ಮನೇಲಿ ತೊಳ್ದಿದ್ದು ನಿಮ್ಗೆ. ಇಲ್ಲಿ ತೊಳೆಯೋದು ಹುಳಕ್ಕೆ.”

ಇಪ್ಪತ್ತಾರು ವರ್ಷ ಮಕ್ಕಳ ಉಗುರು ಪರೀಕ್ಷಿಸಿದವನ ಕೈಯನ್ನು ಒಬ್ಬ ಹೆಂಗಸು ಶಂಕಿಸುವುದೇ? ನಾನು ಮುನಿಸಿಕೊಂಡು ಹಿಂತಿರುಗಿದೆ. ಆ ಕೈಯ ಪರೀಕ್ಷೆ ಮುಂದೆ ನಡೆಯಲಿತ್ತು.

ಕೆರೆಯಂಗಳದಲ್ಲಿ ಮೇಯುತ್ತಿದ್ದ ಹಸುವಿನ ಮೂತಿಗೆ ಎಲ್ಲಿಂದಲೋ ಬಂದ ನಾಯಿಯೊಂದು ಬಾಯಿ ಹಾಕಿ ಓಡಿತೆಂದು ಹನುಮಕ್ಕ ಹೇಳಿದಾಗ, ನಾನು ಪತ್ರಿಕೆಯಿಂದ ತಲೆ ಎತ್ತದೆ, “ಅರಿಶಿನ ಹಚ್ಚು, ಮಾಯುತ್ತದೆ” ಎಂದಿದ್ದೆ. ಅವಳು ಹಚ್ಚಿದಳು, ಮಾಯಿತು. ನನ್ನ ಮಾತು ನಿಜವಾಯಿತೆಂದು ಇಬ್ಬರೂ ತಿಳಿದೆವು. ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಗೋಡೆಯಾಚೆಯಿಂದ ಕೂಗು ಬಂತು.

“ಮೇಷ್ಟ್ರೇ, ಒಸಿ ಬನ್ನಿ. ಹಸ ಮೇವು ಮುಟ್ತಾ ಇಲ್ಲ, ಬರೀ ಜೊಲ್ಲು ಸುರಿಸ್ತದೆ.”

ಪಶುವೈದ್ಯರಿಗೆ ಫೋನ್ ಮಾಡುವ ಮೊದಲು ಅವಳು ನನ್ನನ್ನು ಕರೆದಳು. ನಾನು ಹತ್ತಿರದಲ್ಲಿದ್ದೆ, ಮೇಲಾಗಿ ಎಲ್ಲವನ್ನೂ ಬಲ್ಲವನಾಗಿದ್ದೆ. ಹಸುವಿನ ಬಾಯಿಂದ ಜೊಲ್ಲು ಹಗ್ಗದಂತೆ ಇಳಿಯುತ್ತಿತ್ತು. ಬಕೆಟ್ಟಿಗೆ ಮೂತಿ ಇಡುತ್ತಿತ್ತು, ನೀರು ಒಳಗೆ ಹೋಗುತ್ತಿರಲಿಲ್ಲ. ಅದು ಕೂಗಿದರೆ ಹರಿದ ತಮಟೆಯನ್ನು ಬಾರಿಸಿದಂತಿತ್ತು. ಹಸು ನುಂಗಲಾರದೆ ಜೊಲ್ಲು ಸುರಿಸಿದರೆ ನಮ್ಮ ಕಡೆ ಎಳೆಯ ಮಗುವೂ ಹೇಳುವುದು ಒಂದೇ: ಗಂಟಲಲ್ಲಿ ಏನೋ ಸಿಕ್ಕಿದೆ. ನಾನು ಅದನ್ನೇ ಇನ್ನಷ್ಟು ಗಂಭೀರವಾಗಿ ಹೇಳಿದೆ. “ಮೆಕ್ಕೆಜೋಳದ ದಿಂಡು. ಸಂದೇಹವೇ ಇಲ್ಲ.”

ಅಂಗಿಯ ತೋಳನ್ನು ಅಚ್ಚುಕಟ್ಟಾಗಿ ಮೂರು ಮಡಿಕೆ ಮಡಿಸಿದೆ. “ನೀನು ನಾಲಿಗೆ ಹಿಡಿದು ಪಕ್ಕಕ್ಕೆ ಎಳೆ” ಎಂದು ಹನುಮಕ್ಕನಿಗೆ ಆಜ್ಞಾಪಿಸಿದೆ. ಅವಳು ಒಂದು ಕ್ಷಣ ಹಿಂದೆಮುಂದೆ ನೋಡಿದಳು. ಸೊಪ್ಪು ಕೊಯ್ಯುವಾಗ ಕುಡುಗೋಲು ತಗುಲಿ ಅವಳ ಹೆಬ್ಬೆರಳು ಸೀಳಿತ್ತು. “ಏನೂ ಆಗುವುದಿಲ್ಲ, ಎಳೆ” ಎಂದೆ. ಎಳೆದಳು. ನಾನು ಮೊಣಕೈವರೆಗೆ ಕೈ ಹಾಕಿ ತಡಕಾಡಿದೆ. ದವಡೆ ಹಲ್ಲು ತರಚಿ ಬೆರಳ ಗಿಣ್ಣುಗಳ ಮೇಲೆ ರಕ್ತ ಬಂತು. ಗಂಟಲಲ್ಲಿ ದಿಂಡಿರಲಿಲ್ಲ, ಏನೂ ಇರಲಿಲ್ಲ. “ಕೆಳಗೆ ಜಾರಿದೆ” ಎಂದು ತೀರ್ಪು ಕೊಟ್ಟೆ.

ಹುಳುವಿಗೆ ಸೊಪ್ಪು ಹಾಕುವ ಹೊತ್ತಾಗಿದ್ದರಿಂದ ಹನುಮಕ್ಕ ಓಡಿಹೋಗಿ, ಮೊಣಕೈವರೆಗೆ ಸೋಪು ಹಚ್ಚಿ, ಬಕೆಟ್ಟು ಬರಿದಾಗುವವರೆಗೆ ತಿಕ್ಕಿ ತೊಳೆದಳು. ನಾನು ಹೆಗಲ ವಸ್ತ್ರಕ್ಕೆ ಕೈ ಒರೆಸಿಕೊಂಡು ಮನೆಗೆ ಹೋಗಿ, ಎರಡು ಹನಿ ನೀರು ಸೋಕಿಸಿ ಉಪ್ಪಿಟ್ಟು ತಿಂದೆ.

ಮಧ್ಯಾಹ್ನ ಹಸುವಿನ ಹಿಂಗಾಲು ತೂರಾಡತೊಡಗಿದಾಗ ಅವಳೇ ಪಶುವೈದ್ಯೆಯನ್ನು ಕರೆಸಿದಳು. ಡಾಕ್ಟರಮ್ಮ ತೆಲುಗು ಮನೆಮಾತಿನವರು; ಅವರ ಕನ್ನಡ ಅರ್ಧ ದಾರಿಯಲ್ಲಿ ಬಸ್ಸು ಬದಲಿಸುತ್ತದೆ. ಹತ್ತು ಹೆಜ್ಜೆ ದೂರದಲ್ಲೇ ನಿಂತು ನೋಡಿದರು. ನಾಯಿ ಕಚ್ಚಿತ್ತೇ ಎಂದು ಕೇಳಿದರು. ಹನುಮಕ್ಕ ಹೌದೆಂದಳು. ಅವರ ಮುಖ ಬದಲಾಯಿತು.

“ಇದು ಹುಚ್ಚುನಾಯಿ ರೋಗಂ ಅಮ್ಮಾ. ಇನ್ನು ಉಳಿಯಲ್ಲ. ಯಾರೂ ಹತ್ತಿರ ಹೋಗಕೂಡದು, ಹಾಲು ಮುಟ್ಟಕೂಡದು. ಬಾಯಲ್ಲಿ ಕೈ ಹಾಕಿದ್ರಾ ಯಾರಾದ್ರೂ? ನಿಜಂ ಹೇಳಿ.”

“ಇಲ್ಲ” ಎಂದೆ ನಾನು.

ಈ ‘ಇಲ್ಲ’ದ ಹಿಂದಿನ ಕಥೆಯನ್ನು ಓದುಗರಿಗೆ ಹೇಳಲೇಬೇಕು. ಕೆಲವು ತಿಂಗಳ ಹಿಂದೆ ಇದೇ ಡಾಕ್ಟರಮ್ಮ ಜನರಿಗೆ ಹಂಚಲು ಒಂದು ಕರಪತ್ರ ಮಾಡಿಸಿ, ಕನ್ನಡ ಸರಿಯಿದೆಯೇ ನೋಡಿಕೊಡಿ ಎಂದು ನನ್ನಲ್ಲಿಗೆ ಕಳಿಸಿದ್ದರು. ನಾನು ಅದರಲ್ಲಿ ಹನ್ನೊಂದು ತಪ್ಪು ತಿದ್ದಿ, ಕೆಳಗೆ ಸಹಿ ಹಾಕಿ ಕಳಿಸಿದ್ದೆ. ಅದರ ನಾಲ್ಕನೆಯ ವಾಕ್ಯ ಹೀಗಿತ್ತು: ‘ಜೊಲ್ಲು ಸುರಿಸುವ ದನದ ಬಾಯಿಗೆ, ಏನೋ ಸಿಕ್ಕಿದೆಯೆಂದು ಭಾವಿಸಿ, ಯಾವ ಕಾರಣಕ್ಕೂ ಕೈ ಹಾಕಬೇಡಿ.’ ಆ ಎರಡು ಅಲ್ಪವಿರಾಮಗಳೂ ನನ್ನವು. ತಿದ್ದಿದ್ದೆ, ಓದಿರಲಿಲ್ಲ. ಈಗ ಆ ಹೆಂಗಸಿನ ಮುಂದೆ ನಿಂತು ‘ಕೈ ಹಾಕಿದವನು ನಾನೇ’ ಎನ್ನಲು ನಾಲಿಗೆ ಹೊರಳಲಿಲ್ಲ.

ಹನುಮಕ್ಕ ನನ್ನ ಮುಖ ನೋಡಿದಳು. ಹೆಬ್ಬೆರಳನ್ನು ಸೆರಗಿನೊಳಗೆ ಎಳೆದುಕೊಂಡು, “ಇಲ್ಲಮ್ಮ” ಎಂದಳು.

ಹಸು ಮರುದಿನ ಬೆಳಕು ಹರಿಯುವಾಗ ಸತ್ತಿತು. ಅದುವರೆಗೆ ಇಡೀ ಬೀದಿ ಅದರ ಕೂಗನ್ನು ಕೇಳಿತು. ಚರ್ಮಕ್ಕಾಗಿ ಬಂದವನನ್ನು ಹನುಮಕ್ಕ ಬೈದು ಕಳಿಸಿದಳು. ಡಾಕ್ಟರಮ್ಮ ಆಳವಾದ ಗುಂಡಿ ತೆಗೆಸಿದರು. ಹುಳುಮನೆಗೆಂದು ತಂದಿಟ್ಟಿದ್ದ ಸುಣ್ಣದ ಮೂಟೆಯನ್ನು ಹನುಮಕ್ಕ ಪೂರ್ತಿ ಅದರ ಮೇಲೆ ಸುರಿದಳು. ಕರುವಿಗೆ ಸೂಜಿ ಹಾಕಿ ದೂರ ಕಟ್ಟಿಸಿದರು. ಅದು ತಾಯಿ ಇದ್ದ ಗೂಟದ ಕಡೆಗೇ ನೋಡುತ್ತಿತ್ತು.

ಮನೆಯಲ್ಲಿ ನಾನು ಸೋರುವ ನಳದ ಕೆಳಗೆ ನಿಂತು ಕೈ ತೊಳೆಯುತ್ತಿದ್ದೆ. ಶಾರದೆ ಬಾಗಿಲಲ್ಲಿ ನಿಂತಳು.

“ಮುಂಜಾನಿಂದ ನಾಕು ಸಲ ಆತು. ಯಾಕ ಹಂಗ ತಿಕ್ಕಾಕತ್ತೀರಿ? ಗಿಣ್ಣಿಗೆ ಏನಾಗೇತ್ರಿ?”

ಹೇಳಿದೆ. ಅವಳು ಮೊದಲು ಕೇಳಿದ್ದು ನನ್ನ ವಿಷಯವಲ್ಲ.

“ಆಕಿ ಕೈನೂ ಹಾಕ್ಸಿದ್ರೇನು?”

“ಹೂಂ.”

“ಮತ್ತ ಇಲ್ಲಿ ಯಾಕ ನಿಂತೀರಿ?”

ಹನುಮಕ್ಕನ ಹುಳುಗಳು ಕೊನೆಯ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದಿದ್ದವು. ಆ ಹಂತದಲ್ಲಿ ಅವು ಮೇಯುವ ಸದ್ದು ಸಣ್ಣ ಮಳೆಯಂತಿರುತ್ತದೆ. ಹೊತ್ತುಹೊತ್ತಿಗೆ ಸೊಪ್ಪು ಬೀಳದಿದ್ದರೆ ಬೆಳೆ ಕೈಬಿಟ್ಟಂತೆ. ನಾನು ಹೊಸ್ತಿಲಲ್ಲಿ ನಿಂತು, ಆಸ್ಪತ್ರೆಗೆ ಹೋಗಿ ಸೂಜಿ ಹಾಕಿಸಿಕೊಳ್ಳೋಣ ಎಂದೆ.

“ಯಾಕೆ? ಡಾಕ್ಟ್ರಮ್ಮನ್ ಮುಂದೆ ಇಲ್ಲ ಅಂದೋರು ನೀವೇ ಅಲ್ವ?”

“ಮುನ್ನೆಚ್ಚರಿಕೆಗೆ.”

“ನೀವ್ ಇಲ್ಲ ಅಂದ್ರಿ ಅಂತ ನಾನೂ ಇಲ್ಲ ಅಂದೆ. ಈಗ ಹೋಗಿ ಹೌದು ಅಂದ್ರೆ ಮೇಷ್ಟ್ರು ಸುಳ್ಳು ಹೇಳಿದ್ರು ಅಂತ ಊರೆಲ್ಲಾ ಆಗಲ್ವ? ಬ್ಯಾಡ ಬಿಡಿ. ನಂಗೇನೂ ಆಗಲ್ಲ. ನೀವೇ ಹೇಳುದ್ರಲ್ಲ, ಏನೂ ಆಗಲ್ಲ ಎಳೆ ಅಂತ.”

ನನ್ನ ಮಾನವನ್ನು ಉಳಿಸಲು ಒಬ್ಬ ಹೆಂಗಸು ಸಾಯಲು ಸಿದ್ಧಳಾಗಿ ಸೊಪ್ಪು ಹರಡುತ್ತಿದ್ದಳು. ನಾನು ಆಗಲೂ ಮಾಡಿದ್ದೇನು? ಪಾಠ. ರೋಗಾಣು ಗಾಯದಿಂದ ನರಕ್ಕೆ, ನರದಿಂದ ಮಿದುಳಿಗೆ ಹೇಗೆ ಏರುತ್ತದೆ, ಲಕ್ಷಣ ಕಂಡ ಮೇಲೆ ಯಾವ ವೈದ್ಯನೂ ಹೇಗೆ ಉಳಿಸಲಾರ ಎಂಬುದನ್ನೆಲ್ಲ ಕ್ರಮವಾಗಿ ವಿವರಿಸಿದೆ. ‘ಬಾಯಿಗೆ ಕೈ ಹಾಕಿದವರು’ ಎಂದೆನೇ ಹೊರತು ‘ನಾನು’ ಎನ್ನಲಿಲ್ಲ. ಅವಳು ಹೂಂಗುಟ್ಟುತ್ತಲೇ ಹುಳು ಮೇಯುವ ತಟ್ಟೆಯಿಂದ ಮಂಕಾದ ಹುಳುವೊಂದನ್ನು ಕಡ್ಡಿಯಲ್ಲಿ ಎತ್ತಿ ಸುಣ್ಣದ ಮಡಕೆಗೆ ಹಾಕಿದಳು.

“ಅದನ್ನು ನಾಳೆ ತೆಗೆದರೆ ಆಗದೇ?” ಎಂದು ಕೇಳಿದೆ. ಯಾಕೆ ಕೇಳಿದೆನೋ.

“ನಾಳೇನಾ? ಇವತ್ತು ಒಂದು ಹುಳ ಮುಚ್ಚಿಟ್ರೆ ನಾಳೆ ತಟ್ಟೆಗೆ ತಟ್ಟೇನೇ ಹೋಗ್ತದೆ ಮೇಷ್ಟ್ರೇ. ಇಷ್ಟೂ ತಿಳೀದಾ ನಿಮ್ಗೆ?”

“ತಿಳಿಯದು ಹನುಮಕ್ಕ. ಹಸುವಿನ ವಿಷಯವೂ ತಿಳಿದಿರಲಿಲ್ಲ. ದಿಂಡು ಸಿಕ್ಕಿದೆ ಎಂದದ್ದು ಬರೀ ಊಹೆ. ಡಾಕ್ಟರಮ್ಮನಿಗೆ ಇಲ್ಲವೆಂದದ್ದು ಸುಳ್ಳು.”

ಅವಳು ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟಳು. ಬೆಟ್ಟದ ಮೇಲಿನ ಕೋಟೆ ಇಳಿದು ಬಂದು ತನ್ನ ಬಾಗಿಲಲ್ಲಿ ನಿಂತಿದೆಯೇನೋ ಎಂಬಂತೆ ನನ್ನನ್ನು ನೋಡಿದಳು.

“ಗೊತ್ತಿಲ್ದೇನೇ ನನ್ ಕೈ ಹಾಕ್ಸಿದ್ರಾ?”

ಇದಕ್ಕೆ ಉತ್ತರ ಮುಂದಿನ ಪಾಠದಲ್ಲೂ ಇರಲಿಲ್ಲ.

ಹುಳುಗಳನ್ನು ಯಾರು ನೋಡುವರೆಂಬ ಪ್ರಶ್ನೆಯನ್ನು ಶಾರದೆ ಬಗೆಹರಿಸಿದಳು. ಹೇಳಿಸಿಕೊಳ್ಳದೆಯೇ ಹೊಸ್ತಿಲ ತಟ್ಟೆಯಲ್ಲಿ ಕಾಲು ಅದ್ದಿ, ಎರಡು ಸಲ ಕೈ ತೊಳೆದು, “ಹೇಳವ್ವ, ಸೊಪ್ಪು ಎಷ್ಟು ಹಾಕ್ಲಿ?” ಎಂದು ಒಳಗೆ ಹೋದಳು. ನಾವಿಬ್ಬರು ಆಸ್ಪತ್ರೆಗೆ ನಡೆದೆವು. ಅಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳ ತಾಯಂದಿರು ಸಾಲಾಗಿ ಕುಳಿತಿದ್ದರು. ನರ್ಸಮ್ಮನಿಗೆ ಸಣ್ಣ ದನಿಯೇ ಇಲ್ಲ. “ಹುಚ್ಚು ಹಿಡಿದ ಹಸುವಿನ ಬಾಯಲ್ಲಿ ಕೈ ಹಾಕಿದ್ಯಾರು?” ಎಂದು ಕೂಗಿದರು. ನಾನು ಎದ್ದು ನಿಂತು, “ನಾನು. ಈಕೆಯ ಕೈಯನ್ನೂ ನಾನೇ ಹಾಕಿಸಿದ್ದು” ಎಂದೆ. ಹನುಮಕ್ಕ ನೆಲ ನೋಡುತ್ತಿದ್ದಳು. ಇಬ್ಬರ ಎರಡೂ ತೋಳುಗಳಿಗೆ ಸೂಜಿ ಬಿತ್ತು. ಗಾಯದೊಳಕ್ಕೇ ಚುಚ್ಚುವ ಇನ್ನೊಂದು ಔಷಧಿ ಅಂದು ಅಲ್ಲಿರಲಿಲ್ಲ, ಹಿಂದೂಪುರಕ್ಕೆ ಹೋಗಬೇಕೆಂದರು.

ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಿತ್ತು. ಅವಳು ಮೂರು ಸೀಟು ಮುಂದೆ ಹೋಗಿ ಕಿಟಕಿಯ ಬಳಿ ಕುಳಿತಳು. ದಾರಿಯುದ್ದಕ್ಕೂ ಅವಳು ಹೆಬ್ಬೆರಳನ್ನು ಮತ್ತೆಮತ್ತೆ ನೋಡಿಕೊಳ್ಳುವುದು ನನಗೆ ಕಾಣುತ್ತಿತ್ತು. ಅಷ್ಟು ಉದ್ದದ ಬಸ್ ಪ್ರಯಾಣವನ್ನು ನಾನು ಬೇರೆ ಮಾಡಿಲ್ಲ.

ಹಿಂದೂಪುರದ ವೈದ್ಯರು ಮೊದಲು ಕೇಳಿದ್ದು ಒಂದೇ: ಕೂಡಲೇ ಕೈ ತೊಳೆದಿರಾ? ಹನುಮಕ್ಕ ತೊಳೆದ ಬಗೆಯನ್ನು ಹೇಳಿದಳು. “ಬಹಳ ಒಳ್ಳೆಯದು ಮಾಡಿದಿರಿ ತಾಯಿ, ಯಾರು ಹೇಳಿಕೊಟ್ಟರು?” ಎಂದರು.

“ಹುಳ ಹೇಳ್ಕೊಟ್ವು ಸಾ.”

ನನ್ನ ಕಡೆ ತಿರುಗಿದರು. ಹೆಗಲ ವಸ್ತ್ರ ಎಂದೆ. ಅವರು ನನ್ನ ಕೈಯನ್ನು ನಳದ ಕೆಳಗೆ ಹಿಡಿಸಿ, ಗಡಿಯಾರ ನೋಡಿಕೊಂಡು ಕಾಲು ಗಂಟೆ ತೊಳೆಸಿದರು. ಆಮೇಲೆ ಅವಳ ಹೆಬ್ಬೆರಳಿಗೆ, ನನ್ನ ಗಿಣ್ಣುಗಳೊಳಗೆ ಸೂಜಿ ಇಳಿಯಿತು. ಆ ನೋವಿಗೆ ನನ್ನ ಕಣ್ಣಲ್ಲಿ ನೀರು ಬಂತು. ಮನೆ ಬಿಟ್ಟಾಗಿನಿಂದ ನನ್ನೊಡನೆ ಮಾತಾಡದಿದ್ದ ಹನುಮಕ್ಕ ಆಗ ಬಾಯಿ ಬಿಟ್ಟಳು. “ಅಳ್ಬ್ಯಾಡಿ ಮೇಷ್ಟ್ರೇ, ಮಕ್ಳು ನೋಡ್ತವೆ.”

ಮೂರನೆಯ ದಿನ, ಏಳನೆಯ ದಿನ, ಇಪ್ಪತ್ತೆಂಟನೆಯ ದಿನ, ಒಂದನ್ನೂ ತಪ್ಪಿಸದೆ ಸೂಜಿ ಹಾಕಿಸಿಕೊಂಡೆವು. ಡಾಕ್ಟರಮ್ಮನಲ್ಲಿಗೆ ನಾನೇ ಹೋಗಿ ಹೇಳಿದೆ. ಅವರು ಬೈದಿದ್ದರೆ ಚೆನ್ನಾಗಿತ್ತು. ಮೇಜಿನ ಮೇಲಿದ್ದ ಕರಪತ್ರವನ್ನು ನನ್ನ ಮುಂದೆ ಸರಿಸಿ, “ಓದಿ ಮೇಷ್ಟ್ರೂ” ಎಂದರು. ನಿಂತುಕೊಂಡೇ ಗಟ್ಟಿಯಾಗಿ ಓದಿದೆ. ಭಯವೇನೂ ಇನ್ನು ಇಲ್ಲವೆಂದು ವೈದ್ಯರು ಹೇಳುತ್ತಾರೆ. ಆದರೂ ನಾನು ನೀರು ಕುಡಿಯುವಾಗ ಶಾರದೆ ನನ್ನ ಗಂಟಲನ್ನೇ ನೋಡುತ್ತಾಳೆ. ಒಂದು ಗುಟುಕು ನೆತ್ತಿಗೇರಿ ಕೆಮ್ಮಿದರೆ ಅವಳ ಕೈಯ ಸೌಟು ನಿಲ್ಲುತ್ತದೆ. ಗೋಡೆಯಾಚೆ ಹನುಮಕ್ಕ ಕೆಮ್ಮಿದರೆ ನನ್ನ ಪೆನ್ನು ನಿಲ್ಲುತ್ತದೆ.

ಮೊನ್ನೆ ಬೆಳಿಗ್ಗೆ ಮತ್ತೆ ಕೂಗು ಬಂತು. “ಮೇಷ್ಟ್ರೇ, ಕರು ಮೇವು ಮುಟ್ತಾ ಇಲ್ಲ.” ಓಡಿದೆ. ಕರು ತಲೆ ತಗ್ಗಿಸಿ ನಿಂತಿತ್ತು. ಹತ್ತು ಹೆಜ್ಜೆ ದೂರದಲ್ಲಿ ಹನುಮಕ್ಕ, ಅವಳ ಪಕ್ಕದಲ್ಲಿ ನಾನು; ಇಬ್ಬರೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಹೆಡ್‌ಮಾಸ್ಟರ ಮುಂದೆ ನಿಂತ ಮಕ್ಕಳಂತೆ.

“ಏನಾಗಿರ್ಬೋದು ಮೇಷ್ಟ್ರೇ?”

“ನನಗೆ ಗೊತ್ತಿಲ್ಲ” ಎಂದೆ. “ಡಾಕ್ಟರಮ್ಮನಿಗೆ ಫೋನ್ ಮಾಡು.”

ಅವರು ಬರುವವರೆಗಿನ ಒಂದೂವರೆ ಗಂಟೆ ಇಬ್ಬರೂ ಕದಲಲಿಲ್ಲ. ಅವರು ಬಂದು, ದೂರದಿಂದ ನೋಡಿ, ನೀರು ಇಡಿಸಿ, ಅದು ಕುಡಿದದ್ದನ್ನು ನೋಡಿ, ಆಮೇಲೆ ಹತ್ತಿರ ಹೋದರು. ರಾತ್ರಿ ಹಗ್ಗ ಬಿಚ್ಚಿಕೊಂಡು ಹಿಪ್ಪುನೇರಳೆ ಸೊಪ್ಪಿನ ರಾಶಿಗೆ ಬಾಯಿ ಹಾಕಿದೆ, ಅಜೀರ್ಣ ಅಷ್ಟೇ, ಎಂದು ನಕ್ಕರು. ಹನುಮಕ್ಕ ಬಿಚ್ಚಿದ ಹಗ್ಗವನ್ನು ಗೂಟಕ್ಕೆ ಎರಡು ಸುತ್ತು ಸುತ್ತಿ ಕಟ್ಟಿದಳು.

ಅಜೀರ್ಣವೇ ಇರಬೇಕೆಂದು ನನಗೆ ನೋಡಿದ ತಕ್ಷಣ ಅನ್ನಿಸಿತ್ತು. ಹೇಳಲಿಲ್ಲ.